ಹಳೆಯ ಕಂಪ್ಯೂಟರು ಮೆಮೊರಿ ಕಾರ್ಡನ್ನು ಓದದಿದ್ದಾಗ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಗಂಗಾವತಿಯ ಒಂದು ಫೋಟೊ ಸ್ಟುಡಿಯೊದಲ್ಲಿ ಇಂದಿಗೂ ವಿಂಡೋಸ್ ಎಕ್ಸ್‌ಪಿ ಇರುವ ಕಂಪ್ಯೂಟರೇ ನಡೆಯುತ್ತಿದೆ. ಅದಕ್ಕೆ ಜೋಡಿಸಿರುವ ಫೋಟೊ ಪ್ರಿಂಟರಿನ ಡ್ರೈವರು, ಅಂದರೆ ಪ್ರಿಂಟರಿನೊಂದಿಗೆ ಮಾತನಾಡಲು ವಿಂಡೋಸಿಗೆ ಬೇಕಾದ ತಂತ್ರಾಂಶ, ಮುಂದಿನ ವಿಂಡೋಸುಗಳಿಗೆ ಬರಲೇ ಇಲ್ಲ. ಪ್ರಿಂಟರು ಇನ್ನೂ ಚೆನ್ನಾಗಿ ಬಣ್ಣ ಕೊಡುತ್ತಿರುವಾಗ ಕಂಪ್ಯೂಟರನ್ನು ಬದಲಿಸಿರೆಂದು ಮಾಲೀಕರಿಗೆ ಹೇಳಲು ನನಗೂ ಮನಸ್ಸು ಬರುವುದಿಲ್ಲ. ಮದುವೆಯ ಹಂಗಾಮಿನಲ್ಲಿ ಅವರು ಹೊಸ ಕ್ಯಾಮೆರಾ ಕೊಂಡು, ಅದರ 64 ಜಿಬಿ ಕಾರ್ಡನ್ನು ಆ ಕಂಪ್ಯೂಟರಿನ ರೀಡರಿಗೆ ಹಾಕಿದ ಕೂಡಲೇ ಪರದೆಯ ಮೇಲೆ ‘ಡು ಯು ವಾಂಟ್ ಟು ಫಾರ್ಮ್ಯಾಟ್ ಇಟ್ ನೌ’ ಎಂಬ ಪ್ರಶ್ನೆ ಬಂದಿತು. ಅಂಗಡಿಯ ಹುಡುಗ ನನಗೆ ಫೋನು ಮಾಡಿ, “ಅಣ್ಣಾ, ಕಾರ್ಡಿನ್ಯಾಗ ಏನೂ ಇಲ್ಲ ಅಂತ ತೋರಸಾಕತ್ತೈತಿ. ಯೆಸ್ ಒತ್ತಲೇನ್ರಿ?” ಎಂದು ಕೇಳಿದ. “ಬ್ಯಾಡೋ ತಮ್ಮಾ, ನೋ ಒತ್ತಿ ಕಾರ್ಡ್ ಹೊರಗ ತೆಗಿ, ನಾ ಬರ್ತೀನಿ” ಎಂದೆ. ಆ ಕಾರ್ಡಿನಲ್ಲಿ ಹಿಂದಿನ ದಿನದ ಅಕ್ಕಿಕಾಳಿನವರೆಗಿನ ಎಲ್ಲ ಚಿತ್ರಗಳೂ ಇದ್ದವು, ಬೇರೆಲ್ಲೂ ಪ್ರತಿ ಇರಲಿಲ್ಲ.

ಹಳೆಯ ಕಂಪ್ಯೂಟರಿನಲ್ಲಿ ಕಾರ್ಡನ್ನು ಸಜ್ಜುಗೊಳಿಸುವವರು ಮೊದಲು ತಿಳಿದಿರಬೇಕಾದ ವಿಷಯ ಈ ಪ್ರಶ್ನೆಯಲ್ಲೇ ಅಡಗಿದೆ. ಕಾರ್ಡು ಖಾಲಿ ಇರುವಾಗ ವಿಂಡೋಸ್ ಹೀಗೆ ಕೇಳುವುದಿಲ್ಲ. ಖಾಲಿ ಕಾರ್ಡನ್ನು ಅದು ಸುಮ್ಮನೆ ತೆರೆದು ತೋರಿಸುತ್ತದೆ. ಕಾರ್ಡಿನ ಮೇಲೆ ಏನನ್ನು ಬರೆಯಲಾಗಿದೆ ಎಂಬುದು ತನಗೆ ಅರ್ಥವಾಗದಿದ್ದಾಗ ಮಾತ್ರ ಕೇಳುತ್ತದೆ. ತಮಿಳು ಓದಲು ಬಾರದವನೊಬ್ಬ ತಮಿಳು ಪುಸ್ತಕವನ್ನು ನೋಡಿ ಇದರಲ್ಲಿ ಬರೀ ಗೆರೆಗಳಿವೆ, ಅಳಿಸಿಬಿಡಲೇ ಎಂದು ಕೇಳಿದ ಹಾಗೆ. ಆದ್ದರಿಂದ ಬೆಲೆಬಾಳುವ ಚಿತ್ರಗಳಿರುವ ಕಾರ್ಡನ್ನು ಗುರುತಿಲ್ಲದ ಯಂತ್ರಕ್ಕೆ ಹಾಕುವ ಮೊದಲು ಅದರ ಪಕ್ಕದ ಪುಟ್ಟ ಗುಂಡಿಯನ್ನು ಲಾಕ್ ಎಂದು ಅಚ್ಚಾಗಿರುವ ಕಡೆಗೆ ಸರಿಸಿಡುವುದು ನನ್ನ ರೂಢಿ. ಮೈಕ್ರೋ ಎಸ್‌ಡಿ ಕಾರ್ಡಿಗೆ ಈ ಗುಂಡಿ ಇರುವುದಿಲ್ಲ, ಆದರೆ ಅದನ್ನು ಕೂರಿಸುವ ಅಡಾಪ್ಟರಿಗೆ ಇರುತ್ತದೆ. ಲಾಕ್ ಆದ ಕಾರ್ಡನ್ನು ಓದಲು ಯಾವ ಅಡ್ಡಿಯೂ ಇಲ್ಲ, ಮತ್ತು ಅವಸರದಲ್ಲಿ ಯಾರಾದರೂ ಯೆಸ್ ಒತ್ತಿದರೂ ಸಾಮಾನ್ಯವಾಗಿ ಫಾರ್ಮ್ಯಾಟ್ ನಡೆಯುವುದಿಲ್ಲ.

ಎರಡು ಕಾರ್ಡು, ಎರಡು ಯಂತ್ರ

ಕಾರ್ಡಿನಿಂದ ಪರದೆಯವರೆಗೆ ಮಾಹಿತಿ ಸಾಗುವ ದಾರಿಯಲ್ಲಿ ಹಲವು ಕೊಂಡಿಗಳಿವೆ: ಕಾರ್ಡು, ಅಡಾಪ್ಟರು, ಸ್ಲಾಟಿನ ಹಿತ್ತಾಳೆ ಮುಳ್ಳುಗಳು, ರೀಡರಿನೊಳಗಿನ ಚಿಪ್, ಕೇಬಲು, ಯುಎಸ್‌ಬಿ ಪೋರ್ಟು, ಡ್ರೈವರು, ಫೈಲ್ ಸಿಸ್ಟಮ್ (ಕಾರ್ಡಿನ ಮೇಲೆ ಫೈಲುಗಳನ್ನು ಬರೆದಿಡುವ ಕ್ರಮ), ಕೊನೆಗೆ ಡ್ರೈವ್ ಅಕ್ಷರ (ಸಿ, ಡಿ, ಎಫ್ ಎಂದು ವಿಂಡೋಸ್ ಕೊಡುವ ಗುರುತು). ಯಾವ ಕೊಂಡಿ ಕಳಚಿದರೂ ಗಿರಾಕಿಯ ಬಾಯಿಂದ ಬರುವ ದೂರು ‘ಕಾರ್ಡ್ ಬರ್ತಾ ಇಲ್ಲ’ ಎಂಬುದೊಂದೇ. ಡ್ರೈವರನ್ನು ತೆಗೆದು ಹಾಕುವುದು, ವಿಂಡೋಸನ್ನೇ ಮತ್ತೆ ಹಾಕುವುದು ಇವೆಲ್ಲ ಊಹೆಯ ಚಿಕಿತ್ಸೆಗಳು. ಹತ್ತರಲ್ಲಿ ಒಂದು ಸಲ ಅದರಿಂದ ಗುಣ ಕಂಡರೂ ದೋಷ ಯಾವುದೆಂದು ತಿಳಿಯದೇ ಉಳಿಯುತ್ತದೆ.

ನನ್ನ ಚೀಲದಲ್ಲಿ 1 ಜಿಬಿಯ ಒಂದು ಹಳೆಯ ಎಸ್‌ಡಿ ಕಾರ್ಡು ಯಾವಾಗಲೂ ಇರುತ್ತದೆ. ಈಗ ಅದಕ್ಕೆ ಮಾರುಕಟ್ಟೆಯಲ್ಲಿ ಏನೂ ಬೆಲೆ ಇಲ್ಲದಿರಬಹುದು, ಆದರೆ ರೋಗ ಪತ್ತೆಗೆ ಅದಕ್ಕಿಂತ ಒಳ್ಳೆಯ ಸಲಕರಣೆಯನ್ನು ನಾನು ಕಂಡಿಲ್ಲ. ಸಂಶಯದ ಕಾರ್ಡನ್ನು ಯಾವುದಾದರೂ ಹೊಸ ಲ್ಯಾಪ್‌ಟಾಪಿಗೆ ಹಾಕಿ ನೋಡಬೇಕು, ಈ ಹಳೆಯ ಕಾರ್ಡನ್ನು ಸಂಶಯದ ಕಂಪ್ಯೂಟರಿಗೆ ಹಾಕಿ ನೋಡಬೇಕು. ಎರಡೂ ಓದಿದರೆ ಕಾರ್ಡೂ ಸರಿಯಿದೆ, ಯಂತ್ರವೂ ಸರಿಯಿದೆ, ಅವೆರಡರ ನಡುವೆ ಹೊಂದಾಣಿಕೆ ಮಾತ್ರ ಇಲ್ಲ ಎಂದರ್ಥ. ನನ್ನ ಅನುಭವದಲ್ಲಿ ಅತಿ ಹೆಚ್ಚು ಸಲ ಎದುರಾಗುವುದು ಇದೇ. ಸಂಶಯದ ಕಾರ್ಡು ಲ್ಯಾಪ್‌ಟಾಪಿನಲ್ಲಿ ತೆರೆದುಕೊಂಡು, 1 ಜಿಬಿ ಕಾರ್ಡು ಹಳೆಯ ಕಂಪ್ಯೂಟರಿನಲ್ಲಿ ಕಾಣದೇ ಹೋದರೆ ರೀಡರು, ಕೇಬಲು ಅಥವಾ ಪೋರ್ಟಿನ ಕಡೆಗೆ ತಿರುಗಬೇಕು. 1 ಜಿಬಿ ಕಾರ್ಡು ತೆರೆದುಕೊಂಡು ಸಂಶಯದ ಕಾರ್ಡು ಎಲ್ಲಿಯೂ ತೆರೆಯದಿದ್ದರೆ ಕಂಪ್ಯೂಟರಿನ ತಂಟೆಗೆ ಹೋಗುವ ಅಗತ್ಯವೇ ಇಲ್ಲ. ಎರಡೂ ಕಡೆ ಸೋಲು ಕಂಡರೆ ಎರಡು ದೋಷಗಳು ಒಟ್ಟಿಗೇ ಇವೆ ಎಂದು ತಿಳಿದು, ಮೊದಲು 1 ಜಿಬಿ ಕಾರ್ಡು ಓದುವಂತೆ ರೀಡರನ್ನು ಸರಿಪಡಿಸಿಕೊಂಡು ಆಮೇಲೆ ಇನ್ನೊಂದನ್ನು ನೋಡಬೇಕು.

ಗಂಗಾವತಿಯಲ್ಲಿ 1 ಜಿಬಿ ಕಾರ್ಡು ಮರುಮಾತಿಲ್ಲದೆ ತೆರೆದುಕೊಂಡಿತು, ಮದುವೆಯ ಕಾರ್ಡು ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲ ಚಿತ್ರಗಳನ್ನೂ ತೋರಿಸಿತು. ಅಲ್ಲಿಗೆ ಮಾಲೀಕರ ಉಸಿರು ಕೆಳಗಿಳಿಯಿತು.

ಡಿಸ್ಕ್ ಮ್ಯಾನೇಜ್‌ಮೆಂಟ್ ಏನು ಹೇಳುತ್ತದೆ

ಇದಾದ ಮೇಲೆ ನೋಡಬೇಕಾದದ್ದು ಮೈ ಕಂಪ್ಯೂಟರಿನೊಳಗಿನ ಡ್ರೈವುಗಳನ್ನಲ್ಲ. ಮೈ ಕಂಪ್ಯೂಟರ್ ಚಿತ್ರದ ಮೇಲೆ ಮೌಸಿನ ಬಲಗುಂಡಿ ಒತ್ತಿ, ಮ್ಯಾನೇಜ್ ಎಂಬುದನ್ನು ಆರಿಸಿ, ಎಡಬದಿಯಲ್ಲಿರುವ ಡಿಸ್ಕ್ ಮ್ಯಾನೇಜ್‌ಮೆಂಟನ್ನು ತೆರೆಯಬೇಕು. ಕಾರ್ಡು ಹಾಕಿದಾಗಲೂ ರೀಡರಿನ ಹೆಸರೇ ಕೆಳಗಿನ ಪಟ್ಟಿಯಲ್ಲಿ ಇರದಿದ್ದರೆ ದೋಷ ಯುಎಸ್‌ಬಿ ದಾರಿಯಲ್ಲಿದೆ. ರೀಡರು ಇದ್ದು ಅದರ ಮುಂದೆ ‘ನೋ ಮೀಡಿಯ’ ಎಂದೇ ಉಳಿದರೆ ರೀಡರಿನ ಚಿಪ್ಪಿಗೆ ಕಾರ್ಡಿನ ಗುರುತು ಸಿಕ್ಕಿಲ್ಲ. ಕಾರ್ಡಿನ ತಲೆಮಾರು ಅಥವಾ ಮುಳ್ಳುಗಳ ಸ್ಪರ್ಶ ಇದಕ್ಕೆ ಕಾರಣವಾಗಿರುತ್ತದೆ. ಗಾತ್ರ ಸರಿಯಾಗಿ ಕಂಡು, ಫೈಲ್ ಸಿಸ್ಟಮಿನ ಜಾಗ ಖಾಲಿಯಾಗಿ ಅಥವಾ ‘ರಾ’ ಎಂದು ಇದ್ದರೆ ಯಂತ್ರಾಂಶವೆಲ್ಲ ಸರಿಯಿದ್ದು ಬರವಣಿಗೆಯ ಕ್ರಮ ಮಾತ್ರ ತಿಳಿಯುತ್ತಿಲ್ಲ. ಇಲ್ಲಿ ಎಲ್ಲವೂ ಸರಿಯಾಗಿದ್ದು ಮೈ ಕಂಪ್ಯೂಟರಿನಲ್ಲಿ ಮಾತ್ರ ಕಾಣದಿದ್ದರೆ ಡ್ರೈವ್ ಅಕ್ಷರಗಳ ಜಗಳ.

ಗಾತ್ರವನ್ನು ಓದುವಾಗ ಗಾಬರಿಯಾಗಬಾರದು. ಕಾರ್ಡು ತಯಾರಿಸುವವರು ಜಿಬಿ ಎಂದರೆ ನೂರು ಕೋಟಿ ಬೈಟ್ ಎಂದು ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಗುಣಕದಲ್ಲಿ ಲೆಕ್ಕ ಹಿಡಿಯುತ್ತದೆ. ಹೀಗಾಗಿ 64 ಜಿಬಿ ಕಾರ್ಡು ಸುಮಾರು 59 ಜಿಬಿ ಎಂದೂ 32 ಜಿಬಿ ಕಾರ್ಡು ಸುಮಾರು 29 ಜಿಬಿ ಎಂದೂ ಕಾಣುವುದು ಸಹಜ. ಸ್ಟುಡಿಯೊದ ಪರದೆಯಲ್ಲಿ 59 ಎಂದು ಕಂಡಾಗಲೇ ರೀಡರು ಕಾರ್ಡನ್ನು ಪೂರ್ತಿ ಗುರುತಿಸಿದೆ ಎಂಬುದು ಖಚಿತವಾಯಿತು. ಅದೇ 64ರ ಕಾರ್ಡು 2 ಅಥವಾ 4 ಜಿಬಿ ಎಂದು ಕಂಡಿದ್ದರೆ ನಾನು ಬೇರೆಯೇ ದಾರಿ ಹಿಡಿಯುತ್ತಿದ್ದೆ.

ಕಾರ್ಡಿನ ತಲೆಮಾರು

ಸ್ಯಾನ್‌ಡಿಸ್ಕ್, ಪ್ಯಾನಾಸೋನಿಕ್ ಮತ್ತು ತೋಷಿಬಾ ಕಂಪನಿಗಳು ಸೇರಿ 1999ರಲ್ಲಿ ಎಸ್‌ಡಿ ಕಾರ್ಡನ್ನು ತಂದಾಗ ಅದರ ಮಿತಿ 2 ಜಿಬಿ ಆಗಿತ್ತು. 2006ರಲ್ಲಿ ಎಸ್‌ಡಿಎಚ್‌ಸಿ ಬಂದು ಮಿತಿ 32 ಜಿಬಿಗೆ ಏರಿತು, 2009ರಲ್ಲಿ ಎಸ್‌ಡಿಎಕ್ಸ್‌ಸಿ ಬಂದು 2 ಟಿಬಿಯವರೆಗೆ ದಾರಿಯಾಯಿತು. ಮೂರಕ್ಕೂ ಆಕಾರ ಒಂದೇ, 32 ಮಿಲಿಮೀಟರ್ ಉದ್ದ, 24 ಮಿಲಿಮೀಟರ್ ಅಗಲ. ಆಕಾರ ಒಂದೇ ಆದದ್ದೇ ತೊಂದರೆಯ ಮೂಲ, ಏಕೆಂದರೆ ಸ್ಲಾಟಿಗೆ ಸಲೀಸಾಗಿ ಹೋಗುವ ಕಾರ್ಡು ಓದಿಯೂ ಓದಬೇಕು ಎಂದು ಯಾರಿಗಾದರೂ ಅನಿಸುತ್ತದೆ.

ಮೊದಲ ತಲೆಮಾರಿನ ಕಾರ್ಡಿನಲ್ಲಿ ರೀಡರು ಮಾಹಿತಿಯನ್ನು ಕೇಳುವುದು ಬೈಟಿನ ಸಂಖ್ಯೆ ಹೇಳಿ. ಎಸ್‌ಡಿಎಚ್‌ಸಿಯಿಂದ ಮುಂದೆ 512 ಬೈಟುಗಳ ಕಟ್ಟಿನ ಸಂಖ್ಯೆ ಹೇಳಿ. ಒಂದು ಬೀದಿಯಲ್ಲಿ ಮನೆ ನಂಬರು ಹೇಳಿ ಕೇಳಿದರೆ ಮಾತ್ರ ವಿಳಾಸ ಸಿಗುತ್ತದೆ, ಇನ್ನೊಂದರಲ್ಲಿ ಓಣಿಯ ನಂಬರು ಹೇಳಬೇಕು. 2006ಕ್ಕಿಂತ ಹಿಂದಿನ ರೀಡರಿನ ಚಿಪ್ಪಿಗೆ ಈ ಎರಡನೆಯ ಕ್ರಮ ಗೊತ್ತಿಲ್ಲವಾದ್ದರಿಂದ ಅದಕ್ಕೆ 4 ಅಥವಾ 8 ಜಿಬಿಯ ಎಸ್‌ಡಿಎಚ್‌ಸಿ ಕಾರ್ಡು ಹಾಕಿದರೆ ‘ನೋ ಮೀಡಿಯ’ ಎಂದೇ ತೋರಿಸುತ್ತದೆ, ಇಲ್ಲವೇ ಕಂಪ್ಯೂಟರನ್ನೇ ಸ್ವಲ್ಪ ಹೊತ್ತು ತಡೆದು ನಿಲ್ಲಿಸುತ್ತದೆ. ಇದಕ್ಕೆ ಫಾರ್ಮ್ಯಾಟ್ ಪರಿಹಾರವಲ್ಲ. ಹೊಸ ಕಂಪ್ಯೂಟರಿನಲ್ಲಿ ಹೇಗೆ ಫಾರ್ಮ್ಯಾಟ್ ಮಾಡಿ ತಂದರೂ ಆ ರೀಡರು ಅದನ್ನು ಓದುವುದಿಲ್ಲ. ಯುಎಸ್‌ಬಿಗೆ ಚುಚ್ಚುವ ಹೊಸ ರೀಡರನ್ನು ಕೊಳ್ಳುವುದೊಂದೇ ದಾರಿ. ಅದಕ್ಕೆ ಹೆಚ್ಚೇನೂ ಖರ್ಚಿಲ್ಲ, ಮತ್ತು ಕಾರ್ಡಿನ ಭಾಷೆಯನ್ನೆಲ್ಲ ರೀಡರಿನ ಚಿಪ್ಪೇ ನೋಡಿಕೊಳ್ಳುವುದರಿಂದ ವಿಂಡೋಸಿಗೆ ಅದು ಒಂದು ಪೆನ್‌ಡ್ರೈವಿನಂತೆ ಕಾಣುತ್ತದೆ.

ಲ್ಯಾಪ್‌ಟಾಪಿನ ಮೈಯಲ್ಲೇ ಇರುವ ಸ್ಲಾಟಿನ ವಿಷಯ ಸ್ವಲ್ಪ ಬೇರೆ. ಹಳೆಯ ಲ್ಯಾಪ್‌ಟಾಪುಗಳಲ್ಲಿ ಅದು ಹಲವು ಸಲ ಯುಎಸ್‌ಬಿ ಮೂಲಕ ಹೋಗದೆ ನೇರವಾಗಿ ಮದರ್‌ಬೋರ್ಡಿನ ಪಿಸಿಐ ದಾರಿಗೆ ಕೂಡಿರುತ್ತದೆ, ಆಗ ಕಾರ್ಡಿನೊಂದಿಗೆ ಮಾತನಾಡುವುದು ವಿಂಡೋಸಿನದೇ ಡ್ರೈವರು. ಎಕ್ಸ್‌ಪಿಯ ಆ ಡ್ರೈವರಿಗೆ ಎಸ್‌ಡಿಎಚ್‌ಸಿ ಕಲಿಸಲು ಮೈಕ್ರೋಸಾಫ್ಟ್ 934428 ಎಂಬ ಸಂಖ್ಯೆಯ ತಿದ್ದುಪಡಿಯನ್ನು ಕೊಟ್ಟಿತ್ತು. ಅಂಥ ಲ್ಯಾಪ್‌ಟಾಪಿನಲ್ಲಿ 2 ಜಿಬಿ ಓದಿ 8 ಜಿಬಿ ಓದದಿದ್ದರೆ, ಸ್ಲಾಟು ಕೆಟ್ಟಿದೆ ಎಂದು ತೀರ್ಮಾನಿಸುವ ಮೊದಲು ಆ ತಿದ್ದುಪಡಿ ಇದೆಯೇ ಎಂದು ನೋಡುವುದು ಒಳಿತು.

ಎಸ್‌ಡಿಎಚ್‌ಸಿ ಓದುವ ರೀಡರು ಸಾಮಾನ್ಯವಾಗಿ ಎಸ್‌ಡಿಎಕ್ಸ್‌ಸಿಯನ್ನೂ ಓದುತ್ತದೆ. ಅಲ್ಲಿ ಬೇಲಿ ಹಾಕಿ ನಿಂತಿರುವುದು ಫೈಲ್ ಸಿಸ್ಟಮ್.

ಎಕ್ಸ್‌ಫ್ಯಾಟ್ ಎಂಬ ಬೇಲಿ

2 ಜಿಬಿವರೆಗಿನ ಕಾರ್ಡುಗಳು ಫ್ಯಾಟ್ 16 ಎಂಬ ಫೈಲ್ ಸಿಸ್ಟಮಿನಲ್ಲಿ, 32 ಜಿಬಿವರೆಗಿನವು ಫ್ಯಾಟ್ 32ರಲ್ಲಿ, ಅದಕ್ಕಿಂತ ದೊಡ್ಡವು ಎಕ್ಸ್‌ಫ್ಯಾಟಿನಲ್ಲಿ ಫಾರ್ಮ್ಯಾಟ್ ಆಗಿ ಬರುತ್ತವೆ. ವಿಂಡೋಸ್ ವಿಸ್ಟಾಗೆ ಎಕ್ಸ್‌ಫ್ಯಾಟ್ ಬಂದದ್ದು 2008ರ ಸರ್ವಿಸ್ ಪ್ಯಾಕ್ 1ರ ಜೊತೆಗೆ. ಎಕ್ಸ್‌ಪಿಗೆ 2009ರಲ್ಲಿ 955704 ಎಂಬ ಸಂಖ್ಯೆಯ ಅಪ್‌ಡೇಟ್ ಬಂದಿತು, ಅದನ್ನು ಹಾಕಲು ಸರ್ವಿಸ್ ಪ್ಯಾಕ್ 2 ಅಥವಾ 3 ಇರಲೇಬೇಕು. ಸ್ಟುಡಿಯೊದ ಯಂತ್ರದಲ್ಲಿ ಸರ್ವಿಸ್ ಪ್ಯಾಕ್ 2 ಇತ್ತು, ಆದರೆ ಈ ಅಪ್‌ಡೇಟ್ ಇರಲಿಲ್ಲ. ಮದುವೆಯ ಚಿತ್ರಗಳು ಖಾಲಿಯಂತೆ ಕಂಡದ್ದಕ್ಕೆ ಕಾರಣ ಇಷ್ಟೇ.

ಅಪ್‌ಡೇಟನ್ನು ಬೇರೆ ಕಂಪ್ಯೂಟರಿನಲ್ಲಿ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಒಯ್ಯಬೇಕೇ ಹೊರತು ಎಕ್ಸ್‌ಪಿ ಯಂತ್ರವನ್ನು ಇಂಟರ್ನೆಟ್ಟಿಗೆ ಕಟ್ಟಬಾರದು. 2014ರ ಏಪ್ರಿಲ್ 8ಕ್ಕೆ ಅದಕ್ಕೆ ಸುರಕ್ಷತೆಯ ಬೆಂಬಲ ನಿಂತಿದೆ. ಸ್ಟುಡಿಯೊದಂಥ ಕಡೆ ಆ ಯಂತ್ರ ಪ್ರಿಂಟರಿನೊಂದಿಗೆ ಒಂಟಿಯಾಗಿರುವುದೇ ಕ್ಷೇಮ.

ಅಪ್‌ಡೇಟ್ ಸಿಗದಿದ್ದರೆ ಅಥವಾ ಯಂತ್ರ ಅದಕ್ಕಿಂತಲೂ ಹಳೆಯದಾಗಿದ್ದರೆ ಹೊಸ ಲ್ಯಾಪ್‌ಟಾಪಿನಲ್ಲಿ ಕಾರ್ಡನ್ನು ತೆರೆದು, ಚಿತ್ರಗಳನ್ನು ಫ್ಯಾಟ್ 32 ಇರುವ 32 ಜಿಬಿ ಕಾರ್ಡಿಗೆ ನಕಲು ಮಾಡಿ ಒಯ್ಯುವುದು ಸುಲಭ. 64 ಜಿಬಿ ಕಾರ್ಡನ್ನೇ ಫ್ಯಾಟ್ 32ಕ್ಕೆ ತಿರುಗಿಸಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಎಕ್ಸ್‌ಪಿಯ ಫಾರ್ಮ್ಯಾಟ್ ಸಾಧನ 32 ಜಿಬಿಗಿಂತ ದೊಡ್ಡ ಫ್ಯಾಟ್ 32ನ್ನು ತಾನಾಗಿ ಮಾಡಿಕೊಡುವುದಿಲ್ಲ. ಬೇರೆ ತಂತ್ರಾಂಶದಿಂದ ಮಾಡಿ ತಂದರೆ ಓದಲು ಅದರ ತಕರಾರಿಲ್ಲ. ಆದರೆ ಆ ಕಾರ್ಡು ಕ್ಯಾಮೆರಾಕ್ಕೆ ಹೋಗಿ ಅಲ್ಲಿ ಫಾರ್ಮ್ಯಾಟ್ ಆದ ದಿನ ಕ್ಯಾಮೆರಾ ಅದನ್ನು ಮತ್ತೆ ಎಕ್ಸ್‌ಫ್ಯಾಟಿಗೆ ತಿರುಗಿಸುತ್ತದೆ, ತೊಂದರೆ ಸುತ್ತಿ ಬಂದು ಮತ್ತೆ ಬಾಗಿಲಲ್ಲೇ ನಿಲ್ಲುತ್ತದೆ. ಇಂಥ ಅಂಗಡಿಗಳಿಗೆ ನಾನು ಹೇಳುವುದು ಒಂದು 128ರ ಬದಲು ನಾಲ್ಕು 32 ಜಿಬಿ ಕಾರ್ಡು ಇಟ್ಟುಕೊಳ್ಳಿ ಎಂದು. ಒಂದು ಕಾರ್ಡು ಕೈಕೊಟ್ಟರೆ ಇಡೀ ಮದುವೆ ಹೋಗುವುದಿಲ್ಲ ಎಂಬ ಲಾಭವೂ ಇದರಲ್ಲಿದೆ. ಫ್ಯಾಟ್ 32ರಲ್ಲಿ ಒಂದು ಫೈಲು 4 ಜಿಬಿಯನ್ನು ಮುಟ್ಟಲಾರದ ಕಾರಣ ಉದ್ದದ ವಿಡಿಯೊವನ್ನು ಕ್ಯಾಮೆರಾ ತಾನೇ ತುಂಡು ಮಾಡಿ ಬರೆಯುತ್ತದೆ, ಅದನ್ನು ದೋಷವೆಂದು ತಿಳಿಯಬಾರದು.

ಫ್ಯಾಟ್ 16ರದೂ ಒಂದು ವಿಚಿತ್ರವಿದೆ. ಬಳ್ಳಾರಿಯ ಒಂದು ಜೀನ್ಸ್ ಹೊಲಿಗೆ ಘಟಕದಲ್ಲಿ ಕಸೂತಿ ಯಂತ್ರಕ್ಕೆ ವಿನ್ಯಾಸಗಳನ್ನು ಒಯ್ಯಲು 1 ಜಿಬಿ ಕಾರ್ಡನ್ನು ಬಳಸುತ್ತಿದ್ದರು. ಕಾರ್ಡಿನಲ್ಲಿ ಮುಕ್ಕಾಲು ಪಾಲು ಜಾಗ ಖಾಲಿಯಿದ್ದರೂ ಹೊಸ ವಿನ್ಯಾಸವನ್ನು ನಕಲು ಮಾಡಲು ಹೋದರೆ ಕಂಪ್ಯೂಟರು ಒಪ್ಪುತ್ತಿರಲಿಲ್ಲ. ಫ್ಯಾಟ್ 16ರಲ್ಲಿ ಕಾರ್ಡಿನ ಮೊದಲ ಮಟ್ಟದಲ್ಲಿ, ಅಂದರೆ ಯಾವ ಫೋಲ್ಡರಿನೊಳಗೂ ಇರದ ಜಾಗದಲ್ಲಿ, ಸಾಮಾನ್ಯವಾಗಿ 512 ದಾಖಲೆಗಳಿಗೆ ಮಾತ್ರ ಸ್ಥಳವಿರುತ್ತದೆ. ಫೈಲಿನ ಹೆಸರು ಉದ್ದವಾದರೆ ಪ್ರತಿ 13 ಅಕ್ಷರಗಳಿಗೆ ಒಂದರಂತೆ ಹೆಚ್ಚಿನ ದಾಖಲೆಗಳನ್ನು ಅದು ನುಂಗುತ್ತದೆ. ಆ ಘಟಕದವರು ಗಿರಾಕಿಯ ಹೆಸರು, ಜೇಬಿನ ನಮೂನೆ, ದಾರದ ಬಣ್ಣ ಎಲ್ಲವನ್ನೂ ಫೈಲಿನ ಹೆಸರಿನಲ್ಲೇ ಬರೆದು, ಒಂದೇ ಒಂದು ಫೋಲ್ಡರನ್ನೂ ಮಾಡದೆ ಎಲ್ಲವನ್ನೂ ಹೊರಗೇ ಸುರಿದಿದ್ದರು. ಒಂದು ಫೋಲ್ಡರು ಮಾಡಿ ಅದರೊಳಗೆ ಹಾಕಿದ ಕೂಡಲೇ ದೂರು ನಿಂತಿತು. ಇದನ್ನು ಹಿಡಿಯಲು ನನಗೆ ಅರ್ಧ ದಿನ ಬೇಕಾಯಿತೆಂದು ಒಪ್ಪಿಕೊಳ್ಳುತ್ತೇನೆ. ಅಷ್ಟರಲ್ಲಿ ಎರಡು ಒಳ್ಳೆಯ ಕಾರ್ಡುಗಳನ್ನು ಕೆಟ್ಟಿವೆ ಎಂದು ಪಕ್ಕಕ್ಕೂ ಇಟ್ಟಿದ್ದೆ.

ಅಕ್ಷರದ ಜಗಳ

ರಾಯಚೂರಿನ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನ ಕಚೇರಿಯಲ್ಲಿ ತೂಕದ ಚೀಟಿಗಳ ಚಿತ್ರಗಳನ್ನು ಕಾರ್ಡಿನಿಂದ ಇಳಿಸಿಕೊಳ್ಳಬೇಕಿತ್ತು. ಹೊಸದಾಗಿ ಕೂರಿಸಿದ ರೀಡರಿನ ದೀಪ ಕಾರ್ಡು ಹಾಕಿದಾಗಲೆಲ್ಲ ಮಿನುಗುತ್ತಿತ್ತು, ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಗಾತ್ರ, ಫ್ಯಾಟ್ 32 ಎಲ್ಲವೂ ಸರಿಯಾಗಿ ಕಾಣುತ್ತಿತ್ತು. ಆದರೆ ಎಫ್ ಡ್ರೈವನ್ನು ತೆರೆದರೆ ಕಾರ್ಡಿನ ಬದಲು ಕಚೇರಿಯ ಲೆಕ್ಕಪತ್ರದ ಫೋಲ್ಡರು ಬರುತ್ತಿತ್ತು. ಎಕ್ಸ್‌ಪಿಯು ಹೊಸ ಡ್ರೈವಿಗೆ ಅಕ್ಷರ ಕೊಡುವಾಗ ತನ್ನೊಳಗಿನ ಡಿಸ್ಕುಗಳನ್ನು ಮಾತ್ರ ಎಣಿಸುತ್ತದೆ. ಬಳಕೆದಾರರು ನೆಟ್‌ವರ್ಕಿನ ಫೋಲ್ಡರಿಗೆ ಕೊಟ್ಟುಕೊಂಡ ಅಕ್ಷರವನ್ನು ಅದು ಗಮನಿಸದೇ ಹೋಗುತ್ತದೆ. ಅಲ್ಲಿ ಸರ್ವರಿನ ಫೋಲ್ಡರಿಗೆ ಎಫ್ ಎಂದು ಕೊಡಲಾಗಿತ್ತು, ಕಾರ್ಡಿಗೂ ಎಫ್ ಸಿಕ್ಕಿತು, ಕಾರ್ಡು ಅದರ ಹಿಂದೆ ಮರೆಯಾಯಿತು.

ನಾಲ್ಕು ಬಗೆಯ ಕಾರ್ಡು ಹಿಡಿಯುವ ರೀಡರು ಖಾಲಿಯಿದ್ದಾಗಲೂ ನಾಲ್ಕು ಅಕ್ಷರಗಳನ್ನು ಹಿಡಿದು ಕೂರುವುದರಿಂದ ಈ ಜಗಳ ಇನ್ನೂ ಹೆಚ್ಚು. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಆ ಡ್ರೈವಿನ ಮೇಲೆ ಬಲಗುಂಡಿ ಒತ್ತಿ, ‘ಚೇಂಜ್ ಡ್ರೈವ್ ಲೆಟರ್’ ಎಂಬಲ್ಲಿ ಪಿ, ಕ್ಯೂ, ಆರ್, ಎಸ್ ಎಂದು ವರ್ಣಮಾಲೆಯ ಕೊನೆಯ ಕಡೆಯ ಅಕ್ಷರಗಳನ್ನು ಕೊಟ್ಟುಬಿಟ್ಟರೆ ಯಾರೂ ಯಾರ ಜಾಗಕ್ಕೂ ಬರುವುದಿಲ್ಲ. ಈ ಕೆಲಸವನ್ನು ಆಡಳಿತಗಾರರ ಖಾತೆಯಿಂದ ಮಾಡಬೇಕು.

ಕೇಬಲು, ಪಿನ್ನು, ವೇಗ

ಸಿಪಿಯು ಡಬ್ಬಿಯ ಮುಂಭಾಗದಲ್ಲಿ ಕೂರಿಸುವ ರೀಡರಿನ ಕೇಬಲು ಮದರ್‌ಬೋರ್ಡಿನ ಯುಎಸ್‌ಬಿ ಪಿನ್ನುಗಳಿಗೆ ಹೋಗುತ್ತದೆ. ಅಲ್ಲಿ ಐದೈದರ ಎರಡು ಸಾಲುಗಳಲ್ಲಿ ಒಂದು ಮೂಲೆಯ ಪಿನ್ನು ಇರದೆ ಒಟ್ಟು ಒಂಬತ್ತು ಪಿನ್ನುಗಳಿರುತ್ತವೆ. ಕೆಲವು ಮದರ್‌ಬೋರ್ಡುಗಳಲ್ಲಿ ಫೈರ್‌ವೈರ್ ಎಂಬ ಬೇರೆ ಬಗೆಯ ಸಂಪರ್ಕದ ಪಿನ್ನುಗಳೂ ಇದೇ ಆಕಾರದಲ್ಲಿ ಪಕ್ಕದಲ್ಲೇ ಇರುತ್ತವೆ, ಮತ್ತು ಅವುಗಳಲ್ಲಿ 12 ವೋಲ್ಟ್ ಹರಿಯುತ್ತದೆ. ಯುಎಸ್‌ಬಿಯ 5 ವೋಲ್ಟಿಗೆ ಮಾಡಿದ ರೀಡರನ್ನು ಅಲ್ಲಿಗೆ ಚುಚ್ಚಿದರೆ ರೀಡರು ಸುಡುತ್ತದೆ, ಒಳಗಿರುವ ಕಾರ್ಡೂ ಉಳಿಯುವ ಭರವಸೆಯಿಲ್ಲ. ಟಾರ್ಚ್ ಹಿಡಿದು, ಬೋರ್ಡಿನ ಮೇಲೆ ಅಚ್ಚಾದ ಹೆಸರನ್ನು ಓದಿ, ಆಮೇಲೆ ಕೈ ಹಾಕಬೇಕು.

ಮುಂಭಾಗದ ಪೋರ್ಟಿನಲ್ಲಿ ಕಾರ್ಡು ಬಂದು ಹೋಗುತ್ತಿದ್ದರೆ, ಅಂದರೆ ನಕಲು ಮಾಡುವಾಗ ಅರ್ಧಕ್ಕೇ ಡ್ರೈವು ಮಾಯವಾಗುತ್ತಿದ್ದರೆ, ರೀಡರನ್ನು ಹಿಂಭಾಗದ ಪೋರ್ಟಿಗೆ ನೇರವಾಗಿ ಚುಚ್ಚಿ ನೋಡಬೇಕು. ಮುಂಭಾಗಕ್ಕೆ ಹೋಗುವ ತೆಳ್ಳನೆಯ ಕೇಬಲಿನಲ್ಲಿ ವೋಲ್ಟೇಜು ಇಳಿಯುವುದು ಹಳೆಯ ಡಬ್ಬಿಗಳಲ್ಲಿ ಮಾಮೂಲು. ಹಿಂದಿನ ಪೋರ್ಟಿನಲ್ಲೂ ಹೀಗೇ ಆದರೆ ಪವರ್ ಸಪ್ಲೈಯನ್ನು ನೋಡಬೇಕು. ನಮ್ಮ ಕಡೆ ಇದಕ್ಕೆ ಧೂಳಿನ ಪಾಲೂ ಇದೆ. ಸಂಡೂರಿನ ಅದಿರು ಲಾರಿಗಳ ದಾರಿಯಲ್ಲಿರುವ ಅಂಗಡಿಗಳಲ್ಲಿ ಕೆಂಪು ಮಣ್ಣು, ಗಂಗಾವತಿಯ ಅಕ್ಕಿ ಗಿರಣಿಗಳ ಆಸುಪಾಸಿನಲ್ಲಿ ತೌಡಿನ ಪುಡಿ ಸಪ್ಲೈಯ ಫ್ಯಾನಿಗೆ ಮೆತ್ತಿಕೊಂಡು, ಬೇಸಿಗೆಯಲ್ಲಿ ಅದು ಸಂಜೆ ಹೊತ್ತಿಗೆ ಸೋತು ಬೀಳುತ್ತದೆ. ಬೆಳಿಗ್ಗೆ ಓದಿ ಮಧ್ಯಾಹ್ನ ಓದದ ಕಾರ್ಡಿನ ದೂರು ಬಂದರೆ ನಾನು ಮೊದಲು ಫ್ಯಾನಿನ ಸದ್ದು ಕೇಳುತ್ತೇನೆ.

ಓದುವುದು ಓದುತ್ತದೆ, ಆದರೆ ಬಹಳ ನಿಧಾನ ಎಂಬ ದೂರು ಬಂದರೆ ಪೋರ್ಟಿನ ವಯಸ್ಸನ್ನು ನೋಡಿ. ಯುಎಸ್‌ಬಿ 1.1ರ ಗರಿಷ್ಠ ವೇಗ ಸೆಕೆಂಡಿಗೆ 12 ಮೆಗಾಬಿಟ್, ಕೈಗೆ ಸಿಗುವುದು ಸುಮಾರು ಒಂದು ಮೆಗಾಬೈಟ್. 8 ಜಿಬಿ ಚಿತ್ರಗಳನ್ನು ಇಳಿಸಲು ಎರಡು ಗಂಟೆಗೂ ಮೀರಿ ಬೇಕು. ಯುಎಸ್‌ಬಿ 2.0 ಇದ್ದೂ ಇದೇ ವೇಗ ಕಂಡರೆ ಅದರ ಡ್ರೈವರು ಇಲ್ಲವೆಂದೋ ಬಯೋಸ್‌ನಲ್ಲಿ (ಕಂಪ್ಯೂಟರು ಆರಂಭವಾಗುವಾಗ ತೆರೆಯುವ ಮೂಲ ಸೆಟ್ಟಿಂಗಿನಲ್ಲಿ) ಅದನ್ನು ಮುಚ್ಚಲಾಗಿದೆಯೆಂದೋ ಅರ್ಥ. ವಿಂಡೋಸ್ 98 ಇರುವ ಯಂತ್ರಗಳ ಬಗ್ಗೆ ಒಂದೇ ಮಾತು: ಅದರಲ್ಲಿ ಯುಎಸ್‌ಬಿ ಡ್ರೈವುಗಳಿಗೆ ಸಾಮಾನ್ಯ ಡ್ರೈವರು ಇಲ್ಲ, ಆಯಾ ರೀಡರಿನ ಜೊತೆ ಬಂದ ಸಿ.ಡಿ. ಇದ್ದರೆ ಮಾತ್ರ ಕೆಲಸ.

ಕಾಂಪ್ಯಾಕ್ಟ್ ಫ್ಲಾಶ್ ಕಾರ್ಡು ಬಳಸುವವರು ಸ್ಲಾಟಿನೊಳಗೆ ಬೆಳಕು ಬಿಟ್ಟು ನೋಡಲಿ. 1994ರಲ್ಲಿ ಬಂದ ಈ ದಪ್ಪ ಕಾರ್ಡಿನಲ್ಲಿ 50 ತೂತುಗಳು, ರೀಡರಿನಲ್ಲಿ 50 ಮುಳ್ಳುಗಳು. ಓರೆಯಾಗಿ ತಳ್ಳಿದರೆ ಒಂದು ಮುಳ್ಳು ಬಾಗಿ ಪಕ್ಕದ್ದಕ್ಕೆ ತಾಗುತ್ತದೆ. ಹೊಲಿಗೆಯ ಸೂಜಿಯಿಂದ ಅದನ್ನು ಮೆಲ್ಲಗೆ ನೆಟ್ಟಗೆ ಮಾಡಬಹುದು, ಆದರೆ ಎರಡನೇ ಸಲ ಬಾಗಿದರೆ ಮುರಿಯುತ್ತದೆ.

ಬರೆಯಲು ಒಪ್ಪದ ಕಾರ್ಡು

‘ರೈಟ್ ಪ್ರೊಟೆಕ್ಟೆಡ್’ ಎಂದು ಕಾರ್ಡು ಹಟ ಹಿಡಿದಾಗ ಲಾಕ್ ಗುಂಡಿಯನ್ನು ಸರಿಸಿಯೂ ಫಲ ಸಿಗದಿದ್ದರೆ ಅದರ ಒಳಗುಟ್ಟನ್ನು ತಿಳಿಯಬೇಕು. ಆ ಗುಂಡಿಗೆ ಕಾರ್ಡಿನೊಳಗೆ ಯಾವ ಸಂಪರ್ಕವೂ ಇಲ್ಲ, ಅದು ಬರೀ ಒಂದು ಪ್ಲಾಸ್ಟಿಕ್ ಚೂರು. ಸ್ಲಾಟಿನೊಳಗಿನ ಒಂದು ಎಲೆಯಂಥ ಸ್ವಿಚ್ಚು ಆ ಜಾಗವನ್ನು ತಡವಿ, ಅಲ್ಲಿ ಪ್ಲಾಸ್ಟಿಕ್ ಸಿಕ್ಕರೆ ಬರೆಯಬಹುದು, ಗುಳಿ ಸಿಕ್ಕರೆ ಬರೆಯಬಾರದು ಎಂದು ತೀರ್ಮಾನಿಸುತ್ತದೆ. ಗುಂಡಿ ಸಡಿಲವಾಗಿದ್ದರೆ ಕಾರ್ಡನ್ನು ತಳ್ಳುವಾಗಲೇ ಅದು ಲಾಕ್ ಕಡೆಗೆ ಜಾರುತ್ತದೆ. ಬಿದ್ದೇ ಹೋಗಿದ್ದರೆ ಕಾರ್ಡು ಸದಾ ಲಾಕ್ ಆದಂತೆಯೇ. ಆ ಗುಳಿಯ ಮೇಲೆ ಸೆಲೋಟೇಪಿನ ಒಂದು ಸಣ್ಣ ಚೂರನ್ನು ಬಂಗಾರದ ಬಣ್ಣದ ಪಟ್ಟಿಗಳಿಗೆ ತಾಗದಂತೆ ಅಂಟಿಸಿದರೆ ಕಾರ್ಡು ಮತ್ತೆ ಬರೆಯುತ್ತದೆ.

ಬೇರೆ ಕಾರ್ಡುಗಳೂ ಪೆನ್‌ಡ್ರೈವುಗಳೂ ಆ ಕಂಪ್ಯೂಟರಿನಲ್ಲಿ ಬರೆಯದಿದ್ದರೆ ಯಾರೋ ಹಿಂದೆ ವಿಂಡೋಸಿನ ಸೆಟ್ಟಿಂಗುಗಳನ್ನು ಇಟ್ಟಿರುವ ರಿಜಿಸ್ಟ್ರಿಯಲ್ಲಿ ‘ಸ್ಟೋರೇಜ್ ಡಿವೈಸ್ ಪಾಲಿಸೀಸ್’ ಎಂಬಲ್ಲಿ ‘ರೈಟ್ ಪ್ರೊಟೆಕ್ಟ್’ ಬೆಲೆಯನ್ನು 1 ಎಂದು ಇಟ್ಟಿರುತ್ತಾರೆ; ಅದನ್ನು 0 ಮಾಡಿ ಕಂಪ್ಯೂಟರನ್ನು ಮತ್ತೆ ಆರಂಭಿಸಬೇಕು. ಸೈಬರ್ ಸೆಂಟರುಗಳಿಂದ ಮಾರಾಟವಾಗಿ ಬಂದ ಯಂತ್ರಗಳಲ್ಲಿ ಇದನ್ನು ಕಂಡಿದ್ದೇನೆ. ಒಂದೇ ಕಾರ್ಡು ಎಲ್ಲ ಯಂತ್ರಗಳಲ್ಲೂ ಓದುತ್ತದೆ ಆದರೆ ಎಲ್ಲಿಯೂ ಬರೆಯುವುದಿಲ್ಲ ಎಂದಾದರೆ, ಸವೆದ ಕಾರ್ಡಿನ ಚಿಪ್ಪು ತನ್ನನ್ನು ತಾನೇ ಮುಚ್ಚಿಕೊಂಡಿರುವ ಸಾಧ್ಯತೆ ಹೆಚ್ಚು. ಅದರಲ್ಲಿರುವುದನ್ನು ಅಂದೇ ನಕಲು ಮಾಡಿಕೊಂಡು ಅದಕ್ಕೆ ವಿದಾಯ ಹೇಳಬೇಕು.

ಮೈಕ್ರೋ ಎಸ್‌ಡಿಯ ಅಡಾಪ್ಟರಿನಲ್ಲಿ ತಂತಿಗಳನ್ನು ಬಿಟ್ಟು ಬೇರೇನೂ ಇಲ್ಲ, ಹಾಗಾಗಿ ಅದು ಕೆಡುವುದು ಸ್ಪರ್ಶದಲ್ಲೇ. ಬೇರೆ ಅಡಾಪ್ಟರು ಹಾಕಿ ನೋಡದೆ ಮೈಕ್ರೋ ಎಸ್‌ಡಿ ಕೆಟ್ಟಿದೆ ಎನ್ನಬಾರದು. ಕಾರ್ಡಿನ ಪಟ್ಟಿಗಳು ಮಂಕಾಗಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ಒಣಗಲು ಬಿಡಬೇಕು. ಕೆಲವರು ಶರ್ಟಿನ ತುದಿಯಿಂದ ತಿಕ್ಕುತ್ತಾರೆ, ಬಾಯಿಂದ ಊದುತ್ತಾರೆ. ಊದಿದರೆ ಎಂಜಲಿನ ಹನಿ ಒಳಗೆ ಹೋಗುತ್ತದೆಯೇ ಹೊರತು ಧೂಳು ಹೊರಗೆ ಬರುವುದಿಲ್ಲ.

ಹೆಸರಿಗೆ 32, ಒಳಗೆ 4

ಸಂತೆಯಲ್ಲಿ ಅಗ್ಗಕ್ಕೆ ಕೊಂಡ ಒಂದು ಕಾರ್ಡು ನನ್ನನ್ನೇ ಮೋಸಗೊಳಿಸಿತ್ತು. ಅದು 32 ಜಿಬಿ ಎಂದೇ ತೋರಿಸುತ್ತಿತ್ತು, ಮೊದಮೊದಲು ಹಾಕಿದ ಚಿತ್ರಗಳೆಲ್ಲ ಚೆನ್ನಾಗಿಯೇ ತೆರೆದುಕೊಂಡವು. 4 ಜಿಬಿ ದಾಟಿದ ಮೇಲೆ ಹಾಕಿದ ಫೈಲುಗಳಿಗೆ ಹೆಸರು ಇತ್ತು, ಗಾತ್ರ ಇತ್ತು, ತೆರೆದರೆ ಅರ್ಧ ಬೂದು ಬಣ್ಣ. ಒಳಗಿನ ಚಿಪ್ಪು 4 ಜಿಬಿಯದಾಗಿದ್ದು ತನ್ನ ಗಾತ್ರ 32 ಎಂದು ಸುಳ್ಳು ಹೇಳುವಂತೆ ಅದನ್ನು ಮಾಡಲಾಗಿತ್ತು. ಇದನ್ನು ಫಾರ್ಮ್ಯಾಟಿನಿಂದ ಪತ್ತೆ ಹಚ್ಚಲಾಗದು, ಏಕೆಂದರೆ ಸಾಮಾನ್ಯ ಫಾರ್ಮ್ಯಾಟು ಆರಂಭದ ಭಾಗವನ್ನಷ್ಟೇ ಬರೆಯುತ್ತದೆ. ವಿಂಡೋಸಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸಿನಲ್ಲಿ ಎಫ್3 ಎಂಬ ಉಚಿತ ಸಾಧನಗಳು ಕಾರ್ಡನ್ನು ಪೂರ್ತಿ ತುಂಬಿಸಿ, ಬರೆದದ್ದನ್ನೇ ಮತ್ತೆ ಓದಿ ತಾಳೆ ನೋಡುತ್ತವೆ. ಹೊಸ ಕಾರ್ಡು ತಂದ ದಿನವೇ, ಅದರಲ್ಲಿ ಏನನ್ನೂ ಹಾಕುವ ಮೊದಲು ಈ ಪರೀಕ್ಷೆ ನಡೆಯಬೇಕು. ದೊಡ್ಡ ಕಾರ್ಡಿಗೆ ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಹಚ್ಚಿ ಮಲಗಿ.

ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕಿಕೊಂಡವರಿಗೆ ಪತ್ತೆ ಕಾರ್ಯ ಇನ್ನೂ ಸುಲಭ. ಕಾರ್ಡು ಹಾಕಿದ ಕೂಡಲೇ ಲಿನಕ್ಸಿನ ತಿರುಳಾದ ಕರ್ನೆಲ್ ಬರೆಯುವ ಸಂದೇಶಗಳನ್ನು ತೆರೆದರೆ ರೀಡರು ಕಂಡಿತೇ, ಗಾತ್ರ ಎಷ್ಟು, ಓದುವಾಗ ತಪ್ಪು ಬಂತೇ ಎಂಬುದು ಸಾಲುಸಾಲಾಗಿ ಸಿಗುತ್ತದೆ. ಅಲ್ಲಿಯೂ ಎಕ್ಸ್‌ಫ್ಯಾಟ್ ಕರ್ನೆಲಿನೊಳಗೇ ನೆಲೆಯಾದದ್ದು 2020ರ 5.7ನೇ ಆವೃತ್ತಿಯಲ್ಲಿ, ಅದಕ್ಕಿಂತ ಹಿಂದಿನವುಗಳಿಗೆ ಬೇರೆ ಪ್ಯಾಕೇಜು ಹಾಕಬೇಕಾಗಬಹುದು.

ಚಿತ್ರಗಳಿರುವ ಕಾರ್ಡು ಎಲ್ಲಿಯೂ ತೆರೆಯದಿದ್ದಾಗ ಚೆಕ್ ಡಿಸ್ಕ್ ಎಂಬ ವಿಂಡೋಸಿನ ದುರಸ್ತಿ ಸಾಧನವನ್ನು ಓಡಿಸುವ ಅಭ್ಯಾಸ ನಮ್ಮಲ್ಲಿ ಬಹಳ ಇದೆ, ಅದನ್ನು ಬಿಡಬೇಕು. ಅದು ಕಾರ್ಡಿನ ಮೇಲೆಯೇ ಬರೆದು ಸರಿಪಡಿಸಲು ನೋಡುತ್ತದೆ. ಕೊಂಡಿ ತಪ್ಪಿದ ತುಣುಕುಗಳನ್ನು ಹೆಸರಿಲ್ಲದ ಫೈಲುಗಳನ್ನಾಗಿ ಮಾಡಿಬಿಡುತ್ತದೆ. ಮೊದಲು ಇಡೀ ಕಾರ್ಡಿನ ಒಂದು ಪ್ರತಿಯನ್ನು ಹಾರ್ಡ್ ಡಿಸ್ಕಿಗೆ ತೆಗೆದುಕೊಂಡು, ಆ ಪ್ರತಿಯ ಮೇಲೆ ಫೋಟೊರೆಕ್ ಎಂಬ ಉಚಿತ ತಂತ್ರಾಂಶವನ್ನು ಓಡಿಸಿದರೆ ಫೈಲಿನ ಹೆಸರುಗಳು ಹೋದರೂ ಚಿತ್ರಗಳು ಬರುವ ಸಾಧ್ಯತೆ ಚೆನ್ನಾಗಿದೆ.

ಗಂಗಾವತಿಯ ಯಂತ್ರಕ್ಕೆ ಅಪ್‌ಡೇಟ್ ಹಾಕಿ ಮತ್ತೆ ಆರಂಭಿಸುವ ಹೊತ್ತಿಗೆ ಕರೆಂಟು ಹೋಯಿತು, ಯುಪಿಎಸ್ ಒಂದೇ ಸಮನೆ ಕೂಗಿತು, ಅದೃಷ್ಟಕ್ಕೆ ಐದು ನಿಮಿಷದಲ್ಲಿ ಬಂತು. ಲಾಕ್ ಗುಂಡಿ ಸರಿಸಿದ್ದ ಕಾರ್ಡನ್ನು ಹಾಕಿದಾಗ ಈ ಸಲ ಪ್ರಶ್ನೆ ಬರಲಿಲ್ಲ, ಕ್ಯಾಮೆರಾ ಚಿತ್ರಗಳನ್ನಿಡುವ ಡಿಸಿಐಎಂ ಫೋಲ್ಡರು ತೆರೆದುಕೊಂಡಿತು. ಎಲ್ಲವನ್ನೂ ಹಾರ್ಡ್ ಡಿಸ್ಕಿಗೆ ನಕಲು ಮಾಡಿ, ಎರಡೂ ಕಡೆಯ ಫೈಲುಗಳ ಎಣಿಕೆ ಮತ್ತು ಒಟ್ಟು ಗಾತ್ರ ತಾಳೆ ನೋಡಿ, ಮೊದಲ, ನಡುವಿನ ಮತ್ತು ಕೊನೆಯ ಚಿತ್ರಗಳನ್ನು ತೆರೆದು ನೋಡಿದೆವು. ಕೆಳಮೂಲೆಯ ಚಿತ್ರದಿಂದ ರೀಡರನ್ನು ಸುರಕ್ಷಿತವಾಗಿ ನಿಲ್ಲಿಸಿ ಕಾರ್ಡು ತೆಗೆದು, ಮತ್ತೊಮ್ಮೆ ಹಾಕಿದಾಗಲೂ ಅದು ಸರಿಯಾಗಿ ಬಂದ ಮೇಲೆ ಸಿಪಿಯು ಡಬ್ಬಿಯ ಮೇಲೆ ಒಂದು ಚೀಟಿ ಅಂಟಿಸಿದೆ: ‘955704 ಹಾಕಲಾಗಿದೆ. ರೀಡರ್ ಹಿಂದಿನ ಪೋರ್ಟಿನಲ್ಲೇ ಇರಲಿ. ಫಾರ್ಮ್ಯಾಟ್ ಕೇಳಿದರೆ ನೋ ಒತ್ತಿ ಫೋನ್ ಮಾಡಿ.’ ಹುಡುಗ ಅದರ ಕೆಳಗೆ ನನ್ನ ನಂಬರನ್ನು ತಾನೇ ದಪ್ಪ ಅಕ್ಷರಗಳಲ್ಲಿ ಬರೆದುಕೊಂಡ.